ಮುಂದಿನ ಗಾಲಿ ಎದ್ದರೆ ಹಿಂದಿನ ಟೈರಿಗೆ ನೀರು ಯಾಕೆ?

ಭತ್ತದ ಕಟಾವು ಶುರುವಾಯಿತೆಂದರೆ ನಮ್ಮ ಸಿಂಧನೂರು ಟ್ರ್ಯಾಕ್ಟರ್ ವರ್ಕ್‌ಶಾಪಿಗೆ ಇದೇ ಬೇಡಿಕೆ. "ಸರ್, ಟ್ರೇಲರ್ ಲೋಡ್ ಆದ್ರ ಮುಂದಿನ ಗಾಲಿ ಏಳಾಕತ್ಯಾವ್ರಿ. ಹಿಂದಿನ ಟೈರಿಗೆ ನೀರು ತುಂಬಿಬಿಡ್ರಿ." ಆಗಲ್ಲ ಅಂದರೆ ಪಂಕ್ಚರ್ ಅಂಗಡಿಯಲ್ಲಿ ತುಂಬಿಸಿಕೊಂಡು ಬಂದು ನನಗೇ ತೋರಿಸುತ್ತಾರೆ!

ನೀರು ತುಂಬಿಸುವುದೇ ತಪ್ಪು ಅಂತಲ್ಲ. ಎರೆ ಹೊಲದಲ್ಲಿ ಪಲ್ಟಿ ನೇಗಿಲು ಹೊಡೆಯುವಾಗ ಗಾಲಿ ಜಾಸ್ತಿ ಜಾರುತ್ತಿದ್ದರೆ ಇಷ್ಟು ಅಗ್ಗದ ಭಾರ ಬೇರೆ ಸಿಗಲ್ಲ. ವಾಲ್ವ್ ಮೇಲೆ ಬರುವಂತೆ ಗಾಲಿ ನಿಲ್ಲಿಸಿ, ವಾಲ್ವ್ ಮಟ್ಟದವರೆಗೆ ತುಂಬಿಸಿದರೆ ಸುಮಾರು ಶೇ. 75 ಆಗುತ್ತದೆ. ಉಳಿದದ್ದು ಗಾಳಿ. ಅದೂ ಬೇಕು, ಇಲ್ಲದಿದ್ದರೆ ಗುಂಡಿಯ ಹೊಡೆತ ನೇರ ಆಕ್ಸೆಲಿಗೆ.

ಆದರೆ ಮುಂದಿನ ಗಾಲಿ ಏಳುವುದನ್ನು ಈ ನೀರು ತಡೆಯಲ್ಲ. ಎಷ್ಟು ಹೇಳಿದರೂ ಇದು ತಲೆಗೆ ಹೋಗುತ್ತಿಲ್ಲ. ಟ್ರ್ಯಾಕ್ಟರ್ ಮೂತಿ ಎತ್ತುವಾಗ ತಿರುಗುವುದು ಹಿಂದಿನ ಗಾಲಿಯ ಮೇಲೇನೇ. ನೀರು ಕೂತಿರುವುದೂ ಅಲ್ಲೇ. ಎತ್ತಿನ ಬಂಡಿಗೆ ಹಿಂದೆ ಹೇರು ಜಾಸ್ತಿಯಾಗಿ ಮುಂದಿನ ಮೂಕಿ ಎದ್ದರೆ ನಿಮ್ಮ ಅಜ್ಜ ಗಾಲಿಗೆ ಕಲ್ಲು ಕಟ್ಟುತ್ತಿದ್ದರಾ? ಚೀಲ ಮುಂದಕ್ಕೆ ಸರಿಸುತ್ತಿದ್ದರು, ಅಲ್ವಾ? ಬಂಪರ್ ಮುಂದೆ ಹಾಕುವ ಕಬ್ಬಿಣದ ತೂಕ ಹಿಂದಿನ ಆಕ್ಸೆಲಿನಿಂದ ಎರಡು ಮೀಟರಿಗೂ ದೂರ ಇರುತ್ತದೆ. ಅದಕ್ಕೇ ಅದು ಮೂತಿಯನ್ನು ಒತ್ತಿ ಹಿಡಿಯುತ್ತದೆ. ಹಿಂದಿನ ಟೈರಿನ ನೀರು ಎಷ್ಟೇ ಇದ್ದರೂ ಹಿಡಿಯಲ್ಲ.

ಇನ್ನೂ ಒಂದಿದೆ. ಮೊದಲು ಎಳೆತ ಮಿತಿಮೀರಿದರೆ ಹಿಂದಿನ ಗಾಲಿ ಜಾರುತ್ತಿತ್ತು, ಗಾಡಿ ಅಲ್ಲೇ ನಿಲ್ಲುತ್ತಿತ್ತು. ನೀರು ತುಂಬಿಸಿದ ಮೇಲೆ ಗಾಲಿ ಜಾರಲ್ಲ, ಮೂತಿ ಏಳುತ್ತದೆ. ಕಾರಟಗಿ ಕಡೆಯ ಒಬ್ಬ ಹುಡುಗ ಕಾಲುವೆ ದಂಡೆ ಏರುವಾಗ ಕ್ಲಚ್ ಒಮ್ಮೆಲೇ ಬಿಟ್ಟ. ಮುಂದಿನ ಎರಡೂ ಗಾಲಿ ಆಕಾಶಕ್ಕೆ. ಮತ್ತೆ ಕ್ಲಚ್ ತುಳಿದಿದ್ದಕ್ಕೆ ಉಳಿದ. ಟ್ರೇಲರ್ ಹುಕ್ಕನ್ನು ಕಂಪನಿ ಕೊಟ್ಟ ಜಾಗಕ್ಕಿಂತ ಮೇಲೆ ವೆಲ್ಡ್ ಮಾಡಿಸಿದ್ದರು. ಹುಕ್ ಮೇಲೆ ಹೋದಷ್ಟೂ ಮೂತಿ ಬೇಗ ಏಳುತ್ತದೆ. ಆ ಹುಡುಗನ ಅಪ್ಪ ಗೌಡ್ರು ಕೇಳಿದ್ದು ಮಾತ್ರ, "ನೀರು ಕಡಿಮಿ ಆಗಿತ್ತೇನ್ರಿ?"

ಹಾಗಾಗಿ ಮೊದಲು ಲೋಡ್ ಕಡಿಮೆ ಮಾಡಿ. ಹುಕ್ ಎತ್ತರ ನೋಡಿ. ಮುಂದಿನ ತೂಕ ಹಾಕಿಸಿ, ಆದರೆ ಎಷ್ಟು ಅಂತ ನಿಮ್ಮ ಮಾಡೆಲಿನ ಪುಸ್ತಕ ನೋಡಿಯೇ. ಸುಮ್ನೆ ನಾನು ಒಂದು ಲೆಕ್ಕ ಹೇಳಿದರೆ ಎಲ್ಲರಿಗೂ ಹೊಂದಲ್ಲ.

ಕೆಸರುಗದ್ದೆಗೆ ಇಳಿಯುವ ಮೊದಲು ನೀರು ತೆಗೆಯುವುದೇ ಒಳ್ಳೆಯದು. ಅಲ್ಲಿ ಬೇಕಾದ್ದು ಕೇಜ್ ವೀಲ್ (ಕಬ್ಬಿಣದ ಪಂಜರದಂಥ ಗಾಲಿ), ಭಾರವಲ್ಲ. ಭಾರ ಹೆಚ್ಚಾದರೆ ಗಾಲಿ ಹೂತುಹೋಗುತ್ತದೆ. ರಸ್ತೆ ಬಾಡಿಗೆಗೂ ಅಷ್ಟೇ. ಆ ನೀರನ್ನು ಹೊತ್ತು ಓಡಿಸುವುದು ದಂಡದ ಡೀಸೆಲ್, ಬ್ರೇಕ್ ಮೇಲೂ ಹೊರೆ. ವಿದೇಶದಲ್ಲಿ ಕಾರಿನ ಹಿಂದೆ ಎಳೆದೊಯ್ಯುವ ಕೆಲವು ಹಾಯಿದೋಣಿಗಳ ತಳದಲ್ಲಿ ಭಾರಕ್ಕೆಂದು ನೀರಿನ ಟ್ಯಾಂಕ್ ಇರುತ್ತದೆ. ದೋಣಿ ನೀರಿಗಿಳಿದಾಗ ತುಂಬಿಸುತ್ತಾರೆ, ರಸ್ತೆಗೆ ತರುವ ಮೊದಲು ಖಾಲಿ ಮಾಡುತ್ತಾರೆ. ನಮ್ಮವರು ಒಮ್ಮೆ ತುಂಬಿಸಿದರೆ ಟೈರ್ ಸವೆಯುವವರೆಗೂ ಅದೇ ನೀರು. ಜಾಕ್ ಹಾಕಿ, ವಾಲ್ವ್ ಕೆಳಗೆ ತಂದು ಹರಿಯಬಿಡಿ ಅಂದರೆ, "ಅಷ್ಟೊತ್ತು ಯಾರು ಕಾಯ್ತಾರ್ರಿ, ಬಾಡಿಗಿ ಹೋಗ್ತದ" ಅನ್ನುತ್ತಾ ಸ್ಟಾರ್ಟ್ ಮಾಡಿ ಹೋಗಿಬಿಡುತ್ತಾರೆ.