ಹೋಂಬ್ರೂಯಿಂಗ್ ಸಂಘದ ಸದಸ್ಯತ್ವ: ಕೊಟ್ಟ ದುಡ್ಡು ಗಿಟ್ಟುತ್ತಾ?

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಮನೆಯಲ್ಲಿ ಬಿಯರ್ ಮಾಡೋಕೆ ಶುರು ಮಾಡಿ ಒಂದು ವರ್ಷ ಆಯ್ತು. ಮಾಲ್ಟು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಹಾಪ್ಸು (ಕಹಿಗೆ, ಘಮಕ್ಕೆ ಹಾಕುವ ಹೂವು) ತರುವ ಅಂಗಡಿಯವರು 'ಅಮೆರಿಕನ್ ಹೋಂಬ್ರೂವರ್ಸ್ ಅಸೋಸಿಯೇಷನ್ ಸೇರಿಕೊಳ್ಳಿ' ಅಂತ ಹೇಳ್ತಾನೇ ಇರ್ತಾರೆ. ವರ್ಷಾವರ್ಷ ದುಡ್ಡು ಕಟ್ಟಿ ಸೇರೋದು ಲಾಭವಾ, ದಂಡವಾ?

ಉತ್ತರ: ಡಿಸ್ಕೌಂಟ್ ಆಸೆಗೆ ಸೇರುವುದಾದರೆ ದಂಡ. ಸ್ಪರ್ಧೆಗೆ ಬಿಯರ್ ಕಳಿಸುವ ಹುಚ್ಚು ಹತ್ತಿದ್ದರೆ ಲಾಭ. ಈ ಹವ್ಯಾಸಕ್ಕೆ ಕಾನೂನಿನ ತಕರಾರು ಬರದೇ ಇರಲಿ, ಅದಕ್ಕೆ ನನ್ನದೂ ನಾಲ್ಕು ಕಾಸು ಸೇರಲಿ ಅನ್ನುವ ಮನಸ್ಸಿದ್ದರೆ ಆಗಲೂ ಸೇರಿ. ಇದ್ಯಾವುದೂ ಅಲ್ಲ, ನನ್ನ ಬಿಯರ್ ಇನ್ನೂ ಚೆನ್ನಾಗಿ ಬಂದರೆ ಸಾಕು ಅಂತೀರಾ? ಹಾಗಾದರೆ ಮೊದಲು ನಿಮ್ಮ ಊರಿನ ಕ್ಲಬ್ಬಿಗೆ ಹೋಗಿ. ರಾಷ್ಟ್ರೀಯ ಸಂಘ ಆಮೇಲೆ ನೋಡಿದರಾಯಿತು.

ಡಿಸ್ಕೌಂಟ್ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಸೇರಿಸುವವರು ಮೊದಲು ತೋರಿಸೋದೇ ಅದನ್ನು. ಸದಸ್ಯತ್ವಕ್ಕೆ ವರ್ಷಕ್ಕೆ 50 ಡಾಲರ್ ಆಸುಪಾಸು ಅಂತ ಇಟ್ಟುಕೊಳ್ಳಿ. ಡಿಜಿಟಲ್ ಮಾತ್ರ ಬೇಕಾ, ಅಚ್ಚಾದ ಪತ್ರಿಕೆಯೂ ಬೇಕಾ ಅನ್ನೋದರ ಮೇಲೆ ಹೆಚ್ಚುಕಮ್ಮಿ ಆಗುತ್ತೆ. ಸಂಘದ ಜೊತೆ ಒಪ್ಪಂದ ಇರುವ ಬ್ರೂವರಿ, ಪಬ್ಬು, ಅಂಗಡಿಗಳಲ್ಲಿ ಕಾರ್ಡ್ ತೋರಿಸಿದರೆ ಒಂದಿಷ್ಟು ಬಿಡ್ತಾರೆ. ನೂರಕ್ಕೆ ಹತ್ತು ಬಿಟ್ಟರು ಅಂದುಕೊಳ್ಳಿ. ಕಟ್ಟಿದ 50 ವಾಪಸ್ ಬರಬೇಕಾದರೆ ನೀವು 500 ಡಾಲರ್ ಖರ್ಚು ಮಾಡಬೇಕು, ಅದೂ ಆ ಪಟ್ಟಿಯಲ್ಲಿರುವ ಜಾಗಗಳಲ್ಲೇ. ಮೂಗಿಗಿಂತ ಮೂಗುತಿ ಭಾರ. ನೀವು ಹೇಗಿದ್ದರೂ ವಾರ ವಾರ ಹೋಗುವ ಜಾಗವೇ ಪಟ್ಟಿಯಲ್ಲಿದ್ದರೆ ಆ ಮಾತು ಬೇರೆ. ಸೇರುವ ಮುಂಚೆ ಆ ಪಟ್ಟಿಯಲ್ಲಿ ನಿಮ್ಮ ಊರು ಇದೆಯಾ ಅಂತ ನೋಡಿ. ದೊಡ್ಡ ಊರಿನವರಿಗೆ ಸಿಗುವಷ್ಟು ಸಣ್ಣ ಊರಿನವರಿಗೆ ಸಿಗಲ್ಲ.

ಇನ್ನು ಪತ್ರಿಕೆ. ಜೈಮರ್ಜಿ ಅಂತ ಹೆಸರು, 1978ರಿಂದ ಬರುತ್ತಿದೆ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಗೆದ್ದವರ ರೆಸಿಪಿಗಳು ಅದರಲ್ಲಿ ಬರುತ್ತವೆ. ಎಷ್ಟು ಮಾಲ್ಟು, ಯಾವ ಹಾಪ್ಸು ಎಷ್ಟು ನಿಮಿಷಕ್ಕೆ, ಯಾವ ಯೀಸ್ಟು, ಎಷ್ಟು ಡಿಗ್ರಿಯಲ್ಲಿ, ಎಲ್ಲ ವಿವರವಾಗಿ. ಓದುವ ಅಭ್ಯಾಸ ಇರುವವರಿಗೆ ಇದೊಂದೇ ಸಾಕು, ಹಣ ವಸೂಲಿ. ಆದರೆ ಮನೆಗೆ ಬಂದ ಪತ್ರಿಕೆಯ ಕವರ್ ಕೂಡ ಬಿಚ್ಚದೆ ಇಡುವವರೇ ಜಾಸ್ತಿ ಅಲ್ವಾ? ಶುರುವಿನ ಪಾಠಗಳು, ಸಾಕಷ್ಟು ರೆಸಿಪಿಗಳು ಹೇಗೂ ಪುಕ್ಕಟೆ ಸಿಗುತ್ತವೆ. ಬಿಯರ್ ತೀರ್ಪುಗಾರರಿಗೆ ಪರೀಕ್ಷೆ ನಡೆಸುವ ಬಿಜೆಸಿಪಿ ಅನ್ನುವ ಸಂಸ್ಥೆ ಇದೆ, ಬಿಯರ್ ಬಗೆಗಳನ್ನು ಒಂದೊಂದಾಗಿ ವಿವರಿಸುವ ಅದರ ಮಾರ್ಗಸೂಚಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅದಕ್ಕೆ ಸದಸ್ಯತ್ವ ಬೇಡ.

ನಿಜವಾಗಿ ನಿಮ್ಮ ಬಿಯರನ್ನು ತಿದ್ದುವುದು ಸ್ಪರ್ಧೆ. ಗೆಲ್ಲುವುದು ಬಿಡುವುದು ಆಮೇಲಿನ ಮಾತು. ತೀರ್ಪುಗಾರರು ತುಂಬಿ ಕಳಿಸುವ ಆ ಹಾಳೆ ಇದೆಯಲ್ಲ, ಅದು ಮುಖ್ಯ. ಒಟ್ಟು 50 ಅಂಕ. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಹೇಗನಿಸುತ್ತೆ ಅನ್ನುವುದಕ್ಕೆ 5, ಒಟ್ಟಾರೆ ಅಭಿಪ್ರಾಯಕ್ಕೆ 10. ನೋಟಕ್ಕೆ ಬರೀ ಮೂರೇ ಅನ್ನುವುದನ್ನು ಗಮನಿಸಿ. ಬಿಯರ್ ತಿಳಿಯಾಗಲಿಲ್ಲ ಅಂತ ತಲೆ ಕೆಡಿಸಿಕೊಂಡು ಕೂರುವವರು ಇದನ್ನೊಮ್ಮೆ ನೋಡಬೇಕು. ಪ್ರತಿ ಅಂಕದ ಪಕ್ಕದಲ್ಲೂ ಖಾಲಿ ಗೆರೆಗಳಿರುತ್ತವೆ. ಅಲ್ಲಿ 'ಬೆಣ್ಣೆ ವಾಸನೆ ಬರುತ್ತಿದೆ, ಹುದುಗು ಮುಗಿಯುವ ಹೊತ್ತಿಗೆ ಸ್ವಲ್ಪ ಬಿಸಿ ಏರಿಸಿ, ಯೀಸ್ಟಿನ ಮೇಲೆ ಇನ್ನೆರಡು ದಿನ ಬಿಡಿ' ಅಂತಲೋ, 'ಹಸಿ ಸೇಬಿನ ಹಾಗಿದೆ, ಬೇಗ ಬಾಟಲಿಗೆ ತುಂಬಿದ್ದೀರಿ' ಅಂತಲೋ ಬರೆದಿರುತ್ತಾರೆ. ಮೊದಲನೆಯದು ಡಯಾಸಿಟೈಲ್, ಎರಡನೆಯದು ಅಸಿಟಾಲ್ಡಿಹೈಡ್. ಹುದುಗುವಾಗ ಯೀಸ್ಟಿನಿಂದಲೇ ಹುಟ್ಟಿ, ಸಮಯ ಕೊಟ್ಟರೆ ಬಹುಮಟ್ಟಿಗೆ ಯೀಸ್ಟೇ ತಿಂದು ಮುಗಿಸುವ ವಸ್ತುಗಳು ಇವು. ನಿಮ್ಮ ಮನೆಗೆ ಬಂದ ಗೆಳೆಯರು ಇದನ್ನು ಹೇಳಲ್ಲ. ಪುಕ್ಕಟೆ ಬಿಯರ್ ಕುಡಿಯುವವರು 'ಸೂಪರ್' ಅಂತಲೇ ಹೇಳೋದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಹಾಳೆ ಸಿಗಬೇಕಾದರೆ ಸಂಘದ ಸದಸ್ಯರಾಗಿರಲೇಬೇಕು ಅಂತೇನಿಲ್ಲ. ಊರೂರಲ್ಲಿ ಕ್ಲಬ್ಬುಗಳು ನಡೆಸುವ ಸ್ಪರ್ಧೆಗಳಲ್ಲೂ ಇದೇ ಪದ್ಧತಿಯ ಹಾಳೆ ಬಳಸುತ್ತಾರೆ, ತೀರ್ಪುಗಾರರೂ ಸಾಮಾನ್ಯವಾಗಿ ಅದೇ ಬಿಜೆಸಿಪಿ ಪರೀಕ್ಷೆ ಪಾಸಾದವರು. ಒಂದು ಎಂಟ್ರಿಗೆ ಸಾಮಾನ್ಯವಾಗಿ ಹತ್ತು-ಹದಿನೈದು ಡಾಲರ್, ಎರಡು ಮೂರು ಬಾಟಲಿ. ಅಂದರೆ ಸದಸ್ಯತ್ವದ ದುಡ್ಡಲ್ಲಿ ಮೂರು ನಾಲ್ಕು ಬಿಯರುಗಳಿಗೆ ಹೊರಗಿನವರ ಕಟ್ಟುನಿಟ್ಟಿನ ಅಭಿಪ್ರಾಯ ಸಿಕ್ಕಿಬಿಡುತ್ತೆ. ಒಂದು ವರ್ಷದ ಅನುಭವ ಇರುವ ನಿಮ್ಮಂಥವರಿಗೆ ನಾನು ಹೇಳುವುದು ಇದನ್ನೇ.

ಸದಸ್ಯತ್ವ ಲೆಕ್ಕಕ್ಕೆ ಬರೋದು ಇದರ ಮುಂದಿನ ಮೆಟ್ಟಿಲಲ್ಲಿ. ಸಂಘ 1979ರಿಂದ ರಾಷ್ಟ್ರೀಯ ಸ್ಪರ್ಧೆ ನಡೆಸುತ್ತಿದೆ. ಮೊದಲ ಸುತ್ತು ಬೇರೆ ಬೇರೆ ಕಡೆ, ಅಲ್ಲಿ ಮೇಲೆ ಬಂದವರಿಗೆ ಕೊನೆಯ ಸುತ್ತು. ಇದಕ್ಕೆ ಕಳಿಸುವ ಆಸೆ ಹುಟ್ಟಿದ ಮೇಲೆ ಸದಸ್ಯರಾಗಿರೋದೇ ಒಳ್ಳೆಯದು. ಡೆನ್ವರ್‌ನ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ಗೆ ಹೋಗುವವರಿಗೂ ಅಷ್ಟೇ. ಸದಸ್ಯರಿಗೆ ಟಿಕೆಟ್ ಮುಂಚಿತವಾಗಿ ಕೊಡುತ್ತಾ ಬಂದಿದ್ದಾರೆ, ಅವರಿಗೇ ಅಂತ ಬೇರೆ ಹೊತ್ತನ್ನೂ ಇಟ್ಟಿದ್ದುಂಟು. ಸಂಘದ ಸಮ್ಮೇಳನವನ್ನು 2024ರಲ್ಲಿ ಈ ಹಬ್ಬದ ಜೊತೆಗೇ ನಡೆಸಿದರು. ಬ್ರೂವರಿಗಳಲ್ಲಿ ರ್‍ಯಾಲಿ ಅಂತ ಮಾಡಿ, ಬಂದ ಸದಸ್ಯರಿಗೆ ಕೆಲವು ಕಡೆ ಬ್ರೂವರಿಯದೇ ವರ್ಟ್, ಅಂದರೆ ಇನ್ನೂ ಹುದುಗದ ಸಿಹಿ ಮಾಲ್ಟ್ ರಸ, ಹಂಚಿದ್ದೂ ಇದೆ. ಖಾಲಿ ಫರ್ಮೆಂಟರ್ (ಹುದುಗಿಸುವ ಪಾತ್ರೆ) ತಗೊಂಡು ಹೋಗೋದು, ತುಂಬಿಸಿಕೊಂಡು ಬರೋದು, ಮನೆಗೆ ಬಂದು ನಿಮಗಿಷ್ಟವಾದ ಯೀಸ್ಟ್ ಹಾಕೋದು. ಈ ತರದ್ದು ನಿಮ್ಮ ಹತ್ತಿರದಲ್ಲಿ ನಡೆಯುತ್ತೆ ಅನ್ನುವುದಾದರೆ ಯೋಚನೆ ಮಾಡುವುದೇ ಬೇಡ, ಸೇರಿ.

ಆದರೆ ಸಂಘಕ್ಕೆ ದುಡ್ಡು ಕೊಡಲು ನನಗೆ ಕಾಣುವ ಗಟ್ಟಿ ಕಾರಣ ಇದ್ಯಾವುದೂ ಅಲ್ಲ. ಕಾನೂನು.

ಅಮೆರಿಕದಲ್ಲಿ ಪಾನನಿಷೇಧ 1933ರಲ್ಲಿ ಹೋಯಿತು. ಮನೆಯಲ್ಲಿ ವೈನ್ ಮಾಡಿಕೊಳ್ಳಲು ದಾರಿಯಾಯಿತು, ಬಿಯರಿಗೆ ಆಗಲಿಲ್ಲ. 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ, 1979ರ ಫೆಬ್ರವರಿ 1ರಿಂದ ಅದು ಸರಿಹೋಯಿತು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200. ಐದು ಗ್ಯಾಲನ್ ಬ್ಯಾಚಿನ ಲೆಕ್ಕದಲ್ಲಿ 200 ಅಂದರೆ 40 ಬ್ಯಾಚು. ಅಷ್ಟು ಕುದಿಸುವ ಪುರಸೊತ್ತು ಯಾರಿಗಿದೆಯೋ ಗೊತ್ತಿಲ್ಲ. ಮಾರುವ ಹಾಗಿಲ್ಲ, ಅದು ಖಡಾಖಂಡಿತ. ಈ ಕಾನೂನನ್ನು ಸಂಘವೇ ತಂದಿತು ಅಂತ ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಚಾರ್ಲಿ ಪಪಾಜಿಯನ್ ಮತ್ತು ಚಾರ್ಲಿ ಮಾಟ್ಜೆನ್ ಕೊಲೊರಾಡೋದ ಬೋಲ್ಡರ್‌ನಲ್ಲಿ ಸಂಘ ಕಟ್ಟಿದ್ದು 1978ರ ಕೊನೆಗೆ, ಸಹಿ ಬಿದ್ದ ಮೇಲೆ.

ಸಂಘದ ನಿಜವಾದ ಕೆಲಸ ಶುರುವಾಗಿದ್ದು ಆಮೇಲೆ. ಕೇಂದ್ರ ಸರ್ಕಾರ ಹೂಂ ಅಂದರೂ ರಾಜ್ಯಗಳು ಅನ್ನಬೇಕಲ್ಲ. ಮಿಸಿಸಿಪ್ಪಿ ಮತ್ತು ಅಲಬಾಮಾ ಒಪ್ಪಿಕೊಂಡಿದ್ದು 2013ರಲ್ಲಿ! ಅಲ್ಲಿಯ ಹೋಂಬ್ರೂವರ್‌ಗಳ ಜೊತೆ ಸಂಘ ವರ್ಷಗಟ್ಟಲೆ ಓಡಾಡಿತು. ಒಪ್ಪಿದ ರಾಜ್ಯದಲ್ಲೂ ನೆಮ್ಮದಿ ಅಂತೇನಿಲ್ಲ. ಆರೆಗನ್ ನೋಡಿ, ಬಿಯರ್ ಅಂದರೆ ಪ್ರಾಣ ಬಿಡುವ ರಾಜ್ಯ. ಅಲ್ಲಿ 2010ರಲ್ಲಿ ಹಳೇ ಕಾನೂನಿನ ಸಾಲುಗಳನ್ನು ಅಧಿಕಾರಿಗಳು ಮತ್ತೆ ಓದಿ, ಮನೆಯಲ್ಲಿ ಮಾಡಿದ ಬಿಯರ್ ಮನೆಯಲ್ಲೇ ಕುಡಿಯಬೇಕು, ಹೊರಗೆ ಒಯ್ಯುವ ಹಾಗಿಲ್ಲ ಅಂದುಬಿಟ್ಟರು. ರಾಜ್ಯ ಮೇಳದ ಹೋಂಬ್ರೂ ಸ್ಪರ್ಧೆ ರದ್ದಾಯಿತು. ಕ್ಲಬ್ ಮೀಟಿಂಗಿಗೆ ಎರಡು ಬಾಟಲಿ ಒಯ್ಯೋದೂ ತಪ್ಪಾಯಿತು. 2011ರಲ್ಲಿ ಕಾನೂನು ತಿದ್ದಿದ ಮೇಲೇ ಎಲ್ಲ ಸರಿಯಾಗಿದ್ದು. ಇಂಥ ಹೊತ್ತಿನಲ್ಲಿ ಒಬ್ಬೊಬ್ಬರೇ ಹೋಗಿ ಕೂಗಿದರೆ ಯಾರೂ ಕೇಳಲ್ಲ. ಇಂಥವರು ಇಷ್ಟು ಸಾವಿರ ಜನ ಇದ್ದೇವೆ ಅಂತ ಹೇಳಲು ಒಂದು ಸಂಘ ಬೇಕು, ಅದನ್ನು ನಡೆಸಲು ದುಡ್ಡು ಬೇಕು. ಇದರ ಲಾಭ ಸದಸ್ಯರಲ್ಲದವರಿಗೂ ಸಿಗುತ್ತೆ ಅನ್ನೋದೇ ಇಲ್ಲಿಯ ಫಜೀತಿ. ಹಾಗಾಗಿ ಇದನ್ನು ವ್ಯಾಪಾರದ ಲೆಕ್ಕದಲ್ಲಿ ತೂಗೋಕೆ ಹೋಗಬೇಡಿ, ಚಂದಾ ಅಂತ ಕೊಡಿ ಅಥವಾ ಬಿಡಿ.

ಇನ್ನೊಂದು ಬದಲಾವಣೆಯೂ ಆಗಿದೆ. ಸಂಘ ಬಹಳ ವರ್ಷ ವಾಣಿಜ್ಯ ಬ್ರೂವರಿಗಳ ಒಕ್ಕೂಟವಾದ ಬ್ರೂವರ್ಸ್ ಅಸೋಸಿಯೇಷನ್‌ನ ಒಂದು ವಿಭಾಗವಾಗಿತ್ತು. ಅದರಿಂದ ಬೇರೆಯಾಗಿ ಸ್ವತಂತ್ರ ಸಂಸ್ಥೆಯಾಗುವುದಾಗಿ 2025ರಲ್ಲಿ ಪ್ರಕಟಿಸಿತು. ದೊಡ್ಡವರ ನೆರಳಿನಿಂದ ಹೊರಗೆ ಬಂದರೆ ಸದಸ್ಯರ ದುಡ್ಡಿಗೆ ಬೆಲೆ ಜಾಸ್ತಿ, ಸದಸ್ಯರ ಮಾತಿಗೂ ಜಾಸ್ತಿ ಆಗಬೇಕು. ಆಗುತ್ತಾ ಅಂತ ಒಂದೆರಡು ವರ್ಷ ನೋಡಿದರೆ ತಿಳಿಯುತ್ತೆ. ನನಗಂತೂ ಇದು ಸೇರುವ ಕಡೆಗೇ ವಾಲುವ ಕಾರಣ.

ಕ್ಲಬ್ ನಡೆಸುವವರಿಗೆ ಒಂದು ಮಾತು. ಸಂಘದ ಮೂಲಕ ಕ್ಲಬ್ಬುಗಳಿಗೆ ಹೊಣೆಗಾರಿಕೆ ವಿಮೆ ತೆಗೆದುಕೊಳ್ಳುವ ವ್ಯವಸ್ಥೆ ಇದೆ. ಯಾರದೋ ಜಾಗದಲ್ಲಿ ಗ್ಯಾಸ್ ಒಲೆ ಹಚ್ಚಿ ದೊಡ್ಡ ಪಾತ್ರೆಯಲ್ಲಿ ಕುದಿಸುವಾಗ ಯಾರಿಗಾದರೂ ಸುಟ್ಟರೆ ಗತಿ ಏನು? ಜಾಗ ಕೊಡುವವರು ಮೊದಲು ಕೇಳೋದೇ ಆ ವಿಮೆಯ ಕಾಗದ.

ಈ ಉತ್ತರವೆಲ್ಲ ಅಮೆರಿಕದಲ್ಲಿರುವವರಿಗೆ. ಭಾರತದಲ್ಲಿ ಅಬಕಾರಿ ಆಯಾ ರಾಜ್ಯದ ಕೈಯಲ್ಲಿದೆ, ಇದನ್ನು ಓದಿ ಅಲ್ಲಿ ಪಾತ್ರೆ ಇಡೋಕೆ ಹೋಗಬೇಡಿ.

ನಿಮ್ಮ ವಿಷಯಕ್ಕೆ ಬಂದರೆ, ಈ ವರ್ಷ ಕ್ಲಬ್ಬಿಗೆ ಹೋಗಿ, ಊರಿನ ಸ್ಪರ್ಧೆಗೆ ಎರಡು ಮೂರು ಬಿಯರ್ ಕಳಿಸಿ. ಹುದುಗುವಾಗ ಬಿಸಿ ಹಿಡಿತದಲ್ಲಿಡುವ ಸಾಧನ ಇನ್ನೂ ಇಲ್ಲದಿದ್ದರೆ ಆ 50 ಡಾಲರನ್ನು ಅದಕ್ಕೆ ಹಾಕಿ. ಹಾಳೆಗಳಲ್ಲಿ ಅಂಕ ಮೂವತ್ತು ದಾಟೋಕೆ ಶುರುವಾದ ಮೇಲೆ ಸೇರಿ. ಸೇರುವುದಾದರೂ ಸುಮ್ನೆ ಯಾವಾಗಲೋ ಸೇರಬೇಡಿ. ರಾಷ್ಟ್ರೀಯ ಸ್ಪರ್ಧೆಯ ನೋಂದಣಿಗೋ ಡೆನ್ವರ್ ಟಿಕೆಟಿಗೋ ಸ್ವಲ್ಪ ಮುಂಚೆ ಸೇರಿದರೆ ಮೊದಲ ವರ್ಷವೇ ಅದನ್ನು ಬಳಸಬಹುದು. ದುಡ್ಡು ಕಟ್ಟುವಾಗ ಮುಂದಿನ ವರ್ಷಕ್ಕೆ ತಾನೇ ನವೀಕರಣವಾಗುವ ಗುರುತು ಹಾಕಿದೆಯಾ ಅಂತ ನೋಡಿ, ಹಾಕಿದ್ದರೆ ತೆಗೆದುಬಿಡಿ.