ಅಪಾಸ್ಟ್ರಫಿ ಎಲ್ಲಿ ಬರಬೇಕು: ಎಸ್‌ಗೆ ಮೊದಲೋ, ಆಮೇಲೋ?

ಇಂಗ್ಲಿಷಿನ ನಾಮಪದಕ್ಕೆ ಅಪಾಸ್ಟ್ರಫಿಯನ್ನೂ ಎಸ್ ಅಕ್ಷರವನ್ನೂ ಸೇರಿಸಿದರೆ ಅದು ನಮ್ಮ ಷಷ್ಠಿ ವಿಭಕ್ತಿಯ ಕೆಲಸ ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ತೊಡಕಿರುವುದು ಬಹುವಚನದಲ್ಲಿ. ರೈತರು, ರೈತನ, ರೈತರ ಎಂಬ ಮೂರು ರೂಪಗಳು ಕನ್ನಡದಲ್ಲಿ ಕಿವಿಗೇ ಬೇರೆಬೇರೆಯಾಗಿ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಮೂರರ ಉಚ್ಚಾರವೂ “ಫಾರ್ಮರ್ಸ್” ಎಂದೇ ಇರುವುದರಿಂದ, ವ್ಯತ್ಯಾಸ ತೋರಿಸುವ ಹೊಣೆಯೆಲ್ಲ ಬರಹದ ಆ ಪುಟ್ಟ ಚಿಹ್ನೆಯ ಮೇಲೆ ಬೀಳುತ್ತದೆ.

ಏಕವಚನವಾದರೆ ಎಸ್‌ಗೆ ಮೊದಲು, ಬಹುವಚನವಾದರೆ ಎಸ್ ಆದ ಮೇಲೆ ಎಂಬ ಬಾಯಿಪಾಠದ ಸೂತ್ರ ಅರ್ಧದಾರಿಯಲ್ಲಿ ಕೈಕೊಡುತ್ತದೆ. “ಚಿಲ್ಡ್ರನ್” ಬಹುವಚನವೇ, ಆದರೂ ಮಕ್ಕಳ ಪುಸ್ತಕ ಎನ್ನುವಾಗ “ಚಿಲ್ಡ್ರನ್’ಸ್” ಎಂದೇ ಬರೆಯಬೇಕು. ಆದ್ದರಿಂದ ವಚನವನ್ನು ಬಿಟ್ಟು ಒಡೆಯನನ್ನು ಹಿಡಿಯುವುದು ಲೇಸು. ಮೊದಲು ಒಡೆಯನನ್ನು ಹೇಳುವ ಪದವನ್ನು ಪೂರ್ತಿಯಾಗಿ ಬರೆದು, ಅದರ ಬೆನ್ನಿಗೇ ಚಿಹ್ನೆ ಹಾಕಬೇಕು. ಆ ಪದ ಬಹುವಚನದ ಎಸ್‌ನಿಂದ ಮುಗಿದಿದ್ದರೆ ಅಲ್ಲಿಗೇ ನಿಲ್ಲಿಸಬೇಕು, ಇಲ್ಲದಿದ್ದರೆ ಎಸ್ ಸೇರಿಸಬೇಕು. ಕಿನ್ನಾಳದ ಒಬ್ಬ ಕಲಾವಿದನ ಬೊಂಬೆಗಳಾದರೆ “ಆರ್ಟಿಸ್ಟ್’ಸ್”, ಅಲ್ಲಿನ ಹಲವು ಕಲಾವಿದರ ಬೊಂಬೆಗಳಾದರೆ “ಆರ್ಟಿಸ್ಟ್ಸ್’”.

ಬರೆದ ಮೇಲೆ, ಚಿಹ್ನೆಯಿಂದ ಬಲಕ್ಕಿರುವುದನ್ನು ಬೆರಳಿನಿಂದ ಮುಚ್ಚಿ ನೋಡಬೇಕು. ಟೇಲರ್ ಅಂಗಡಿಯ ಫಲಕದಲ್ಲಿ “ಲೇಡೀಸ್” ಪದದ ಕೊನೆಯ ಎಸ್‌ಗೆ ಮುಂಚೆ ಚಿಹ್ನೆ ಇದ್ದರೆ, ಎಡಕ್ಕೆ ಎಲ್, ಎ, ಡಿ, ಐ, ಇ ಎಂಬ ಐದೇ ಅಕ್ಷರ ಉಳಿಯುತ್ತವೆ. ಒಬ್ಬಳೇ ಆಗಿದ್ದರೆ ಕೊನೆಗೆ ವೈ ಇರಬೇಕಿತ್ತು, ಹಲವರಾಗಿದ್ದರೆ ಎಸ್ ಇರಬೇಕಿತ್ತು. ಎರಡೂ ಇಲ್ಲವೆಂದರೆ ಚಿಹ್ನೆ ತಪ್ಪಿದೆ. ಈ ಪರೀಕ್ಷೆಯೊಂದೇ ನನಗೆ ಉಳಿದೆಲ್ಲ ಸೂತ್ರಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. ರಜಾ ಅರ್ಜಿಗೂ ಇದು ಒಪ್ಪುತ್ತದೆ: ಒಂದು ದಿನದ ರಜೆಗೆ “ಒನ್ ಡೇ’ಸ್ ಲೀವ್”, ಎರಡು ದಿನಗಳ ರಜೆಗೆ “ಟೂ ಡೇಸ್’ ಲೀವ್”.

“ಅದರ” ಎಂಬ ಅರ್ಥದ “ಇಟ್ಸ್” ಸರ್ವನಾಮವಾದ್ದರಿಂದ ಅದಕ್ಕೆ ಚಿಹ್ನೆ ಬೇಡ. ಚಿಹ್ನೆಯಿರುವ “ಇಟ್’ಸ್” ಎಂಬುದು “ಇಟ್ ಈಸ್” ಅಥವಾ “ಇಟ್ ಹ್ಯಾಸ್” ಎಂಬುದರ ಹ್ರಸ್ವ ರೂಪ.

ಕನ್ನಡದಲ್ಲಿ ಷಷ್ಠಿ ಕಂಡಲ್ಲೆಲ್ಲ ಇಂಗ್ಲಿಷಿನಲ್ಲಿ ಚಿಹ್ನೆ ಹಾಕಬೇಕೆಂದೂ ಇಲ್ಲ. ಬಳ್ಳಾರಿಯ ಕೋಟೆ ಇಂಗ್ಲಿಷಿನಲ್ಲಿ “ಬಳ್ಳಾರಿ ಫೋರ್ಟ್” ಅಷ್ಟೇ, ಏಕೆಂದರೆ ಅಲ್ಲಿ ಊರಿನ ಹೆಸರು ಒಡೆಯನಾಗಿ ಬರದೆ ವಿಶೇಷಣದಂತೆ ನಿಂತಿದೆ.