ದೂರದ ಯುದ್ಧ, ಮನೆಯ ಇಂಧನ ಬಿಲ್: ಬೆಲೆ ಏರಿಕೆಯ ಹಿನ್ನೆಲೆ

1991ರ ಜನವರಿ 17ರಂದು ಅಮೆರಿಕ ನೇತೃತ್ವದ ಪಡೆಗಳು ಇರಾಕ್ ಮೇಲೆ ವಾಯುದಾಳಿ ಆರಂಭಿಸಿದಾಗ ಕಚ್ಚಾ ತೈಲದ ಬೆಲೆ ಏರಲಿಲ್ಲ; ಒಂದೇ ದಿನದಲ್ಲಿ ಸುಮಾರು ಮೂರನೇ ಒಂದರಷ್ಟು ಕುಸಿಯಿತು. ಬೆಲೆ ಎರಡು ಪಟ್ಟಿಗೂ ಹೆಚ್ಚು ಏರಿದ್ದು ಅದಕ್ಕೆ ಮೊದಲು, 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತನ್ನು ಆಕ್ರಮಿಸಿದ ನಂತರದ ತಿಂಗಳುಗಳಲ್ಲಿ. ಸೌದಿ ಅರೇಬಿಯದ ತೈಲಬಾವಿಗಳೂ ಕೈತಪ್ಪಬಹುದೆಂಬ ಭಯ ಆಗ ಮಾರುಕಟ್ಟೆಯನ್ನು ಆಳುತ್ತಿತ್ತು. ಆ ಭಯ ನಿಜವಾಗುವುದಿಲ್ಲವೆಂದು ತೋರಿದ ದಿನವೇ ಬೆಲೆ ಇಳಿಯಿತು. ಯುದ್ಧಕಾಲದಲ್ಲಿ ಇಂಧನದ ಬೆಲೆಯನ್ನು ನಿರ್ಧರಿಸುವುದು ಇಂದಿನ ಕೊರತೆಗಿಂತಲೂ ಹೆಚ್ಚಾಗಿ ನಾಳೆಯ ಕೊರತೆಯ ಅಂದಾಜು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಕಾರಣ ಸರಳವಾಗಿದೆ. ಅಗ್ಗವಾಗಿದ್ದಾಗ ಕೊಂಡ ದಾಸ್ತಾನು ವ್ಯಾಪಾರಿಯ ಬಳಿ ಇರಬಹುದು. ಆದರೆ ಅದನ್ನು ಮಾರಿದ ಮೇಲೆ ಮತ್ತೆ ತುಂಬಿಸಿಕೊಳ್ಳಬೇಕಾದದ್ದು ಹೊಸ ಬೆಲೆಯಲ್ಲಿ. ಹಡಗುಗಳ ಯುದ್ಧವಿಮೆ ದುಬಾರಿಯಾಗುತ್ತದೆ, ದಾರಿ ಬದಲಿಸಿದರೆ ಸಾಗಣೆ ವೆಚ್ಚವೂ ಏರುತ್ತದೆ. ಇತ್ತ ಕುಟುಂಬಗಳು ಅಡುಗೆಯನ್ನಾಗಲಿ, ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದನ್ನಾಗಲಿ ದಿಢೀರನೆ ನಿಲ್ಲಿಸಲಾರವು. ಬಳಕೆ ಸುಲಭವಾಗಿ ತಗ್ಗದಿರುವುದರಿಂದ ಪೂರೈಕೆಯ ಅಲ್ಪ ಕೊರತೆಯೂ ಬೆಲೆಯನ್ನು ಹಲವು ಪಟ್ಟು ಎತ್ತುತ್ತದೆ.

ಜಗತ್ತು ಈ ಪಾಠ ಕಲಿತದ್ದು 1973ರಲ್ಲಿ. ಅಕ್ಟೋಬರ್‌ನ ಅರಬ್-ಇಸ್ರೇಲ್ ಯುದ್ಧದ ವೇಳೆ ಅರಬ್ ರಾಷ್ಟ್ರಗಳು ಉತ್ಪಾದನೆ ತಗ್ಗಿಸಿ, ಅಮೆರಿಕವೂ ಸೇರಿದಂತೆ ಕೆಲವು ದೇಶಗಳಿಗೆ ತೈಲ ನಿರ್ಬಂಧ ಹೇರಿದವು. ಬ್ಯಾರೆಲ್‌ಗೆ ಸುಮಾರು 3 ಡಾಲರ್ ಇದ್ದ ಬೆಲೆ 1974ರ ಆರಂಭಕ್ಕೆ 12 ಡಾಲರ್‌ಗೆ ಸಮೀಪಿಸಿತು. ಅದೇ ವರ್ಷ ಸ್ಥಾಪನೆಯಾದ ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು ತೈಲ ಆಮದು ಮಾಡಿಕೊಳ್ಳುವ ಸದಸ್ಯ ರಾಷ್ಟ್ರಗಳು 90 ದಿನಗಳ ನಿವ್ವಳ ಆಮದಿಗೆ ಸಮನಾದ ದಾಸ್ತಾನು ಇಟ್ಟುಕೊಳ್ಳಬೇಕೆಂದು ನಿಯಮಿಸಿತು. ಭಯಕ್ಕೆ ಇದು ಒಳ್ಳೆಯ ಮದ್ದು. 1991ರ ಆ ಕುಸಿತದಲ್ಲಿ ತುರ್ತು ದಾಸ್ತಾನು ಬಿಡುಗಡೆಯ ಘೋಷಣೆಗೂ ಪಾಲಿತ್ತು.

ಆದರೆ ಈ ರಕ್ಷಣೆಯನ್ನು ಕಟ್ಟಿದ್ದು ತೈಲಕ್ಕಾಗಿ. ನಂತರದ ದಶಕಗಳಲ್ಲಿ ಹಲವು ದೇಶಗಳ ಮನೆಗಳು ಮತ್ತು ವಿದ್ಯುತ್ ಸ್ಥಾವರಗಳು ನೈಸರ್ಗಿಕ ಅನಿಲವನ್ನು ಹೆಚ್ಚು ಹೆಚ್ಚಾಗಿ ನೆಚ್ಚಿಕೊಂಡವು. ಅನಿಲವನ್ನು ಹಡಗಿನಲ್ಲಿ ಸಾಗಿಸಬೇಕಾದರೆ ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ತಂಪಾಗಿಸಿ ದ್ರವವಾಗಿಸಬೇಕು. ಅಂಥ ಸ್ಥಾವರಗಳನ್ನು ಕಟ್ಟಲು ವರ್ಷಗಳೇ ಬೇಕು. ಹೀಗಾಗಿ ಕೊಳವೆಮಾರ್ಗವೊಂದು ನಿಂತರೆ ಬದಲಿ ಪೂರೈಕೆ ಕೂಡಲೇ ದೊರೆಯದು.

ರಷ್ಯಾ 2022ರ ಫೆಬ್ರವರಿಯಲ್ಲಿ ಉಕ್ರೇನ್ ಮೇಲೆ ಪೂರ್ಣ ಪ್ರಮಾಣದ ಆಕ್ರಮಣ ನಡೆಸಿದಾಗ ಈ ದೌರ್ಬಲ್ಯ ಬಯಲಾಯಿತು. ಆ ಆಗಸ್ಟ್‌ನಲ್ಲಿ ಯುರೋಪಿನ ಸಗಟು ಅನಿಲದ ಬೆಲೆ ಮೆಗಾವ್ಯಾಟ್-ಗಂಟೆಗೆ 300 ಯೂರೊ ದಾಟಿತು. ಬ್ರಿಟನ್ ತನಗೆ ಬೇಕಾದ ಅನಿಲದಲ್ಲಿ ಶೇ 5ಕ್ಕಿಂತ ಕಡಿಮೆ ಪಾಲನ್ನಷ್ಟೇ ರಷ್ಯಾದಿಂದ ಪಡೆಯುತ್ತಿತ್ತು; ಆದರೂ ಅಲ್ಲಿನ ಸಾಮಾನ್ಯ ಕುಟುಂಬದ ವಾರ್ಷಿಕ ಬಿಲ್‌ಗೆ ನಿಯಂತ್ರಕರು ನಿಗದಿಪಡಿಸುವ ಮಿತಿ ಒಂದೇ ವರ್ಷದಲ್ಲಿ 1,277 ಪೌಂಡ್‌ಗಳಿಂದ 3,549 ಪೌಂಡ್‌ಗಳಿಗೆ ಏರುವುದರಲ್ಲಿತ್ತು. ಸರ್ಕಾರ ಮಧ್ಯಪ್ರವೇಶಿಸಿ ಅದನ್ನು ಸುಮಾರು 2,500 ಪೌಂಡ್‌ಗಳಿಗೆ ತಡೆಯಬೇಕಾಯಿತು. ಸರಕು ಯಾರಿಂದ ಬಂತು ಎಂಬುದಕ್ಕಿಂತ, ಅದೇ ಸರಕಿಗೆ ಬೇರೆಯವರು ಎಷ್ಟು ಕೊಡಲು ಸಿದ್ಧರಿದ್ದಾರೆ ಎಂಬುದೇ ಬೆಲೆಯನ್ನು ನಿರ್ಧರಿಸಿತು. ವಿದ್ಯುತ್ತಿನ ಬಿಲ್ ಕೂಡ ಇದರಿಂದ ಪಾರಾಗಲಿಲ್ಲ. ಯುರೋಪಿನ ಸಗಟು ವಿದ್ಯುತ್ ಮಾರುಕಟ್ಟೆಯಲ್ಲಿ ಬೇಡಿಕೆ ಪೂರೈಸಲು ಕೊನೆಯದಾಗಿ ಚಾಲನೆಗೊಳ್ಳುವ ಸ್ಥಾವರದ ದರವೇ ಎಲ್ಲರಿಗೂ ಅನ್ವಯಿಸುತ್ತದೆ. ಬಹಳಷ್ಟು ವೇಳೆ ಆ ಸ್ಥಾವರ ಅನಿಲದ್ದಾಗಿರುವುದರಿಂದ ಗಾಳಿಯಿಂದ ಉತ್ಪಾದಿಸಿದ ವಿದ್ಯುತ್ತೂ ಅನಿಲದ ಬೆಲೆಗೇ ಮಾರಾಟವಾಯಿತು.

ಅತ್ಯಂತ ನೋವಿನ ಪರಿಣಾಮ ಯುದ್ಧಭೂಮಿಯಿಂದ ಬಹುದೂರದಲ್ಲಿ ಕಾಣಿಸಿತು. ಯುರೋಪ್ ಹೆಚ್ಚು ಹಣ ತೆತ್ತು ದ್ರವೀಕೃತ ಅನಿಲವನ್ನು ಸೆಳೆದುಕೊಂಡಾಗ, ಅಷ್ಟು ತೆರಲಾರದ ಪಾಕಿಸ್ತಾನ ಮತ್ತು ಬಾಂಗ್ಲಾದೇಶದ ಜನರು ವಿದ್ಯುತ್ ಕಡಿತವನ್ನು ಅನುಭವಿಸಿದರು. ಈ ಜಗಳದಲ್ಲಿ ಅವರ ಪಾತ್ರವೇನೂ ಇರಲಿಲ್ಲ.

ಬೆಲೆ ಇಳಿಯುವಾಗ ಮಾತ್ರ ಮನೆಗಳಿಗೆ ಅಷ್ಟೇ ವೇಗದಲ್ಲಿ ಪರಿಹಾರ ಸಿಗುವುದಿಲ್ಲ. 2023ರ ವಸಂತದ ಹೊತ್ತಿಗೆ ಯುರೋಪಿನ ಸಗಟು ಅನಿಲ 50 ಯೂರೊಗಿಂತ ಕೆಳಗಿಳಿದಿತ್ತು. ಆದರೆ ಪೂರೈಕೆ ಕಂಪನಿಗಳು ಮುಂದಿನ ತಿಂಗಳುಗಳ ಅನಿಲವನ್ನು ಮುಂಚಿತವಾಗಿಯೇ ಖರೀದಿಸಿಡುತ್ತವೆ. ಹಿಂದಿನ ದುಬಾರಿ ಒಪ್ಪಂದಗಳ ಹೊರೆ ತೀರುವವರೆಗೂ ಗ್ರಾಹಕರು ಕಳೆದುಹೋದ ಭಯದ ಬೆಲೆಯನ್ನೇ ಕಟ್ಟುತ್ತಿರಬೇಕಾಗುತ್ತದೆ.